ಊರಿಗೆ ಹೊರಟಾಗ ನಾಯಿಯನ್ನು ಯಾರಿಗೆ ಒಪ್ಪಿಸುತ್ತೀರಿ?

ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆ, ಯುಗಾದಿಗೆ ಶ್ರೀಶೈಲ, ಆಷಾಢ ಏಕಾದಶಿಗೆ ಪಂಢರಪುರ. ನಮ್ಮ ದುಧನಿ ಕಡೆಯ ಎಷ್ಟೋ ಮನೆಗಳಿಗೆ ಈ ದಿನಗಳಲ್ಲಿ ಬೀಗ ಬೀಳುತ್ತದೆ. ಎಮ್ಮೆ ಹಿಂಡುವವರು ಯಾರು, ಹೊಲಕ್ಕೆ ನೀರು ಬಿಡುವವರು ಯಾರು ಎಂಬುದನ್ನು ವಾರ ಮೊದಲೇ ಗೊತ್ತುಮಾಡುತ್ತೇವೆ. ನಾಯಿಯ ಮಾತು ನೆನಪಾಗುವುದು ಮಾತ್ರ ಗಾಡಿ ಏರುವಾಗ. "ಒಂದಿಷ್ಟು ರೊಟ್ಟಿ ಹಾಕಿರಪ್ಪಾ" ಎಂದು ನೆರೆಯವರಿಗೆ ಹೇಳಿ ಹೊರಟುಬಿಡುತ್ತೇವೆ.

ನಾನೂ ಹಾಗೆ ಮಾಡಿದವನೇ. ಒಂದು ಯುಗಾದಿಗೆ ಶ್ರೀಶೈಲಕ್ಕೆ ಹೊರಟಾಗ ನಮ್ಮ ಕರಿಯನನ್ನು ಪಕ್ಕದ ಮರಾಠಿ ಮನೆಯ ಹುಡುಗನಿಗೆ ಒಪ್ಪಿಸಿದೆ. ಹತ್ತು ವರ್ಷದ ಹುಡುಗ. ಮೂರನೆಯ ದಿನ ಕರಿಯ ಅವನ ಚಪ್ಪಲಿ ಕಚ್ಚಿ ಹಿಡಿಯಿತು. ಹುಡುಗ "ಸೋಡ್, ಸೋಡ್" ಎನ್ನುತ್ತ ಎಳೆದ. ಕರಿಯನಿಗೆ ತಿಳಿದದ್ದು "ಬಿಡು" ಎಂಬ ಮಾತು. ಎಳೆದಾಟದಲ್ಲಿ ಹುಡುಗನ ಕೈಗೆ ಹಲ್ಲು ನಾಟಿತು. ಆ ವರ್ಷ ನಾಯಿಗೆ ಲಸಿಕೆ ಹಾಕಿಸುವುದನ್ನು ನಾನು ಮರೆತಿದ್ದೆ. ಪಾಪ, ಹುಡುಗ ಸೂಜಿಗಳ ಪೂರ್ತಿ ಸುತ್ತು ಮುಗಿಸಬೇಕಾಯಿತು. ನಾನು ಮರಳಿ ಬಂದಾಗ ಅವನ ತಾಯಿ ಒಂದು ಮಾತೂ ಆಡದೆ ಚಹಾ ಕೊಟ್ಟರು. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ತಪ್ಪು ನನ್ನದಾಗಿತ್ತು.

ಆದ್ದರಿಂದ ಕೇಳಿ. ನಾಯಿಯನ್ನು ದೊಡ್ಡವರಿಗೇ ಒಪ್ಪಿಸಿರಿ. ಹೊರಡುವ ವಾರ ಮೊದಲು ಅವರನ್ನು ಮನೆಗೆ ಕರೆಯಿರಿ. ನಿಮ್ಮೆದುರಿಗೆ ಎರಡು ಮೂರು ಸಲ ಅವರೇ ಊಟ ಹಾಕಲಿ, ಅಡ್ಡಾಡಿಸಿಕೊಂಡು ಬರಲಿ. ನಾಯಿ ಉಣ್ಣುವಾಗ ತಾಟಿಗೆ ಕೈ ಹಾಕಬಾರದೆಂದು ತಿಳಿಸಿರಿ.

ಎರಡನೆಯದು, ಭಾಷೆ. ಬಾ, ಕುಂದ್ರು, ಬಿಡು ಎಂಬ ಮಾತುಗಳ ಜೊತೆಗೇ ಯೇ, ಬಸ್, ಸೋಡ್ ಎಂಬ ಮಾತುಗಳನ್ನೂ ರೊಟ್ಟಿಯ ಚೂರು ತೋರಿಸಿ ಕಲಿಸಿರಿ. ಗಡಿಯ ಮಕ್ಕಳು ಎರಡು ಭಾಷೆ ಕಲಿಯುವಂತೆ ಗಡಿಯ ನಾಯಿಯೂ ಕಲಿಯುತ್ತದೆ.

ಮೂರನೆಯದು, ಊಟ. ಎಷ್ಟು ಹೊತ್ತಿಗೆ, ಎಷ್ಟು ಎಂದು ಚೀಟಿಯಲ್ಲಿ ಬರೆದಿಡಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ದ್ರಾಕ್ಷಿ, ಮನೂಕ, ಚಾಕಲೇಟು ನಾಯಿಗೆ ವಿಷವಾಗಬಲ್ಲವು. ಬೇಯಿಸಿದ ಕೋಳಿಯ ಎಲುಬು ಸೀಳಿ ಹೊಟ್ಟೆಯಲ್ಲಿ ಚುಚ್ಚುತ್ತದೆ. ಯುಗಾದಿಯ ಬಿಸಿಲಿಗೆ ನೆರಳಲ್ಲಿ ನೀರಿನ ಮಣ್ಣಿನ ಪಾತ್ರೆ ಇರಲೇಬೇಕು.

ನಾಲ್ಕನೆಯದು, ಕಟ್ಟು. ಮೊದಲ ದಿನಗಳಲ್ಲಿ ನಾಯಿ ನಿಮ್ಮನ್ನು ಹುಡುಕಿಕೊಂಡು ಹೊರಡುತ್ತದೆ. ನಮ್ಮೂರಲ್ಲಿ ರೈಲು ಹಳಿ ಇದೆ, ಮರೆಯಬೇಡಿ. ಹೊರಗೆ ಒಯ್ಯುವಾಗ ಹಗ್ಗ ಬಿಚ್ಚದಿರಲು ಹೇಳಿರಿ. ನೀವು ಉಟ್ಟ ಹಳೆಯ ಬಟ್ಟೆಯೊಂದನ್ನು ಅದರ ಹಾಸಿಗೆಯಲ್ಲಿಡಿ. ವಾಸನೆಯಿಂದ ಅದಕ್ಕೆ ಧೈರ್ಯ.

ಕೊನೆಯದು, ಎಲ್ಲಕ್ಕಿಂತ ದೊಡ್ಡದು. ಮರಿಗೆ 3 ತಿಂಗಳಾದಾಗ ಹುಚ್ಚುನಾಯಿ ರೋಗದ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷವೂ ತಪ್ಪದೆ ಹಾಕಿಸಿರಿ. ಲಸಿಕೆಯ ಕಾಗದ, ಪಶುವೈದ್ಯರ ಫೋನ್ ನಂಬರು, ನಿಮ್ಮ ನಂಬರು ಚೀಟಿಯ ಜೊತೆಗಿರಲಿ. ಒಂದು ವೇಳೆ ಕಚ್ಚಿದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಷಿಣ, ಖಾರದ ಪುಡಿ ಹಚ್ಚಬಾರದು. ಅಂದೇ ದವಾಖಾನೆಗೆ ಹೋಗಬೇಕು. ಈ ರೋಗ ಒಮ್ಮೆ ತಲೆದೋರಿತೆಂದರೆ ಮದ್ದಿಲ್ಲ.

ಸ್ವರ್ಗದ ಬಾಗಿಲಿಗೆ ಹೋದ ಧರ್ಮರಾಯ ಜೊತೆಗೆ ಬಂದ ನಾಯಿಯನ್ನು ಬಿಟ್ಟು ಒಳಗೆ ಕಾಲಿಡಲಿಲ್ಲ. ನಮ್ಮ ಯಾತ್ರೆಗೆ ನಾಯಿಯನ್ನು ಕರೆದೊಯ್ಯುವುದು ಆಗದ ಮಾತು. ಯೋಗ್ಯ ಕೈಗೆ, ಎಲ್ಲ ಮಾತು ಹೇಳಿ ಒಪ್ಪಿಸುವುದಾದರೂ ನಮ್ಮಿಂದ ಆಗಲಿ.

ಮರುವರ್ಷ ಆ ಹುಡುಗನ ತಂದೆ ಕರಿಯನನ್ನು ನೋಡಿಕೊಂಡರು. ಚೀಟಿ ಬರೆದುಕೊಟ್ಟವನು ನಾನು. ಅದನ್ನು ಮರಾಠಿಗೆ ತಿರುಗಿಸಿದವನು ಆ ಹುಡುಗನೇ.