ಮಕ್ಕಳ ಆನ್‌ಲೈನ್ ಆಟ ಮತ್ತು ಮಾತಿನ ಬೇಲಿ

(ಫ್ರೀಮ್ಯಾಂಟಲ್‌ನಲ್ಲಿ ನಡೆದ ಕನ್ನಡ ಕುಟುಂಬಗಳ ಕೂಟದಲ್ಲಿ ವೈದ್ಯರೊಬ್ಬರು ನೀಡಿದ ಅತಿಥಿ ಉಪನ್ಯಾಸದ ಪಾಠ)



ವೈದ್ಯನೊಬ್ಬನನ್ನು ವೇದಿಕೆಗೆ ಕರೆದರೆ ಅವನು ಸಕ್ಕರೆ ಕಾಯಿಲೆ, ರಕ್ತದ ಒತ್ತಡಗಳ ವಿಷಯವನ್ನೇ ಮಾತನಾಡಬೇಕೆಂಬುದು ನಮ್ಮಲ್ಲಿ ಬೆಳೆದುಬಂದಿರುವ ರೂಢಿ. ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ, ಆಮೇಲೆ ಅಮೆರಿಕದ ಆಸ್ಪತ್ರೆಯೊಂದರಲ್ಲಿ ರೆಸಿಡೆನ್ಸಿ ಮಾಡಿದ ನನಗೆ ಆ ವಿಷಯಗಳಲ್ಲಿ ಮಾತಿಗೇನೂ ಬರವಿಲ್ಲ. ಆದರೆ ಈಚಿನ ಕೆಲವು ವರ್ಷಗಳಿಂದ ನನ್ನ ಕೋಣೆಗೆ ಬರುವ ತಾಯಿತಂದೆಯರು, ಅವರಲ್ಲೂ ನಮ್ಮವರು, ಸ್ವಂತ ಕಾಯಿಲೆಯ ಮಾತು ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಕೇಳುವ ಪ್ರಶ್ನೆ ಬೇರೆಯೇ ಆಗಿದೆ. “ಡಾಕ್ಟ್ರೇ, ಹುಡುಗ ರಾತ್ರಿಯೆಲ್ಲ ಆ ಆಟದಲ್ಲಿ ಯಾರ ಜೊತೆಗೋ ಮಾತಾಡ್ತಾನೆ. ದುಡ್ಡು ಕಟ್ಟಿದರೆ ಮಾತ್ರ ಮಾತಾಡೋಕೆ ಬಿಡೋ ಆಟ ಒಂದಿದೆಯಂತೆ, ಅದು ಕ್ಷೇಮವೇ?” ಇಂದು ಈ ಒಂದು ಪ್ರಶ್ನೆಯನ್ನು ಹಿಡಿದು ಕೆಲವು ಮಾತುಗಳನ್ನಾಡಲು ತಮ್ಮ ಅನುಮತಿ ಬೇಡುತ್ತೇನೆ.

ಸಭೆಯಲ್ಲಿ ಅಜ್ಜ ಅಜ್ಜಿಯರೂ ಇರುವುದರಿಂದ ಆಟದ ಸ್ವರೂಪವನ್ನು ಮೊದಲು ಹೇಳುವುದು ಉಚಿತ. ಇದು ನಮ್ಮ ಚೌಕಾಬಾರ, ಪಗಡೆಗಳಂತೆ ನಾಲ್ವರು ಎದುರುಬದುರು ಕುಳಿತು ಆಡುವ ಆಟವಲ್ಲ. ಇದೊಂದು ಜಾತ್ರೆ. ರೋಬ್ಲಾಕ್ಸ್ ಎಂಬ ಒಂದೇ ಜಾತ್ರೆಗೆ 2025ರಲ್ಲಿ ದಿನವೊಂದಕ್ಕೆ ಹತ್ತು ಕೋಟಿಗೂ ಮಿಕ್ಕಿ ಜನ ಬಂದುಹೋಗುತ್ತಿದ್ದರು. ಒಳಗೆ ಹೋಗಲು ಕಾಸು ಬೇಕಿಲ್ಲ. ಊರ ಜಾತ್ರೆಯಲ್ಲಾದರೆ ಎದುರಿಗೆ ನಿಂತವನಿಗೆ ಮೀಸೆ ಬಂದಿದೆಯೋ ಇಲ್ಲವೋ ಎಂಬುದು ಮಗುವಿನ ಕಣ್ಣಿಗೆ ಕಾಣುತ್ತದೆ. ಇಲ್ಲಿ ಐವತ್ತರ ಗಂಡಸೂ ಒಂಬತ್ತರ ಹುಡುಗಿಯೂ ಒಂದೇ ಅಳತೆಯ ಬಣ್ಣದ ಗೊಂಬೆಗಳು. ಅವರ ನಡುವೆ ಹರಿಯುವ ಬರಹದ ಅಥವಾ ದನಿಯ ಮಾತಿಗೆ ಚಾಟ್ ಎಂದು ಹೆಸರು.

ಈ ಚಾಟನ್ನು ಹಣ ತೆತ್ತವರಿಗೆ ಮಾತ್ರ ತೆರೆಯುವ ಪದ್ಧತಿ ಹೊಸದೇನಲ್ಲ. 2008ರಲ್ಲಿ ಅಮೆರಿಕದಲ್ಲಿ ಆರಂಭವಾದ ವಿಝರ್ಡ್101 ಎಂಬ ಮಾಂತ್ರಿಕರ ಆಟದಲ್ಲಿ, ಬಿಟ್ಟಿಯಾಗಿ ಆಡುವ ಮಗು ತನ್ನ ಮಾತನ್ನು ತಾನೇ ಟೈಪು ಮಾಡುವಂತಿರಲಿಲ್ಲ; “ನಮಸ್ಕಾರ”, “ಸಹಾಯ ಮಾಡು” ಎಂಬಂಥ ಸಿದ್ಧವಾಕ್ಯಗಳ ಪಟ್ಟಿಯಿಂದ ಒಂದನ್ನು ಆರಿಸಬೇಕಾಗಿತ್ತು. ಹಣ ಕೊಟ್ಟ ಖಾತೆಗೆ ಮಾತ್ರ ಅಕ್ಷರಗಳು ತೆರೆಯುತ್ತಿದ್ದವು. ಮೇಲುನೋಟಕ್ಕೆ ಇದು ವ್ಯಾಪಾರಿಯ ಜಾಣತನ. ಹೌದು, ಅಷ್ಟರಮಟ್ಟಿಗೆ ಹೌದು. ಆದರೆ ಇದರ ಬೇರು ಕಾನೂನಿನಲ್ಲಿದೆ. ಅಮೆರಿಕ 1998ರಲ್ಲಿ ಮಾಡಿದ ಮಕ್ಕಳ ಆನ್‌ಲೈನ್ ಗೋಪ್ಯತೆಯ ಕಾಯ್ದೆಯ ಪ್ರಕಾರ, ಹದಿಮೂರು ತುಂಬದ ಮಗುವಿನ ವೈಯಕ್ತಿಕ ವಿವರ ಪಡೆಯಬೇಕಾದರೆ ತಾಯಿತಂದೆಯರ ಒಪ್ಪಿಗೆ ಬೇಕು. ಆ ಒಪ್ಪಿಗೆ ನಿಜವಾದದ್ದೆಂದು ತಿಳಿಯುವುದು ಹೇಗೆ? ಕ್ರೆಡಿಟ್ ಕಾರ್ಡಿನಿಂದ ಹಣ ಪಾವತಿಯಾದರೆ ಮನೆಯ ಹಿರಿಯರು ಒಪ್ಪಿದ್ದಾರೆಂದು ಭಾವಿಸಬಹುದು ಎಂಬುದು ಅಂದು ಒಪ್ಪಲಾದ ದಾರಿಗಳಲ್ಲೊಂದು. ಹೀಗೆ ಕಾರ್ಡು ಅಪ್ಪನ ಸಹಿಯ ಸ್ಥಾನವನ್ನು ಪಡೆಯಿತು.

ಇದರಲ್ಲಿ ಎರಡು ಗುಣಗಳಿವೆಯೆಂಬುದನ್ನು ಒಪ್ಪಲೇಬೇಕು. ಏನೂ ತಿಳಿಯದ ಪುಟ್ಟ ಮಗು ತಾನಾಗಿಯೇ ಮೂಕ ಆಟಗಾರನಾಗುತ್ತದೆ. ಸೆಟ್ಟಿಂಗ್ ಹುಡುಕದ ಅಪ್ಪನ ಮಗುವಿಗೂ ರಕ್ಷಣೆ ಸಿಗುತ್ತದೆ. ಎರಡನೆಯದು, ಬಿಟ್ಟಿ ಖಾತೆಯೆಂಬುದು ಮುತ್ತುಗದ ಎಲೆಯಂತೆ, ಉಂಡು ಎಸೆಯುವಂಥದು. ದುಷ್ಟನೊಬ್ಬನ ಖಾತೆಯನ್ನು ಮುಚ್ಚಿಸಿದರೆ ಐದು ನಿಮಿಷದಲ್ಲಿ ಇನ್ನೊಂದು ಹೆಸರಿನಲ್ಲಿ ಹಾಜರಾಗುತ್ತಾನೆ. ಪ್ರತಿ ಖಾತೆಗೂ ಹಣ ತೆರಬೇಕಾದರೆ ಅವನ ಕೈ ಸ್ವಲ್ಪ ಹಿಂದೆ ಸರಿಯುತ್ತದೆ, ಪೊಲೀಸರಿಗೆ ಒಂದು ಜಾಡೂ ಉಳಿಯುತ್ತದೆ.

ಹಾಗಿದ್ದರೂ ಈ ಬೇಲಿಯನ್ನು ನಂಬಿ ನಿದ್ರಿಸಬಾರದೆಂದು ನನ್ನ ಅಭಿಪ್ರಾಯ. ಹಣವೆಂಬುದು ವಯಸ್ಸಿನ ಪುರಾವೆಯಲ್ಲ, ಶೀಲದ ಪುರಾವೆಯಂತೂ ಅಲ್ಲವೇ ಅಲ್ಲ. ಮಕ್ಕಳನ್ನು ಬೇಟೆಯಾಡಲು ಬಂದವನಿಗೆ ತಿಂಗಳಿಗೆ ಹತ್ತು ಹದಿನೈದು ಡಾಲರು ಒಂದು ಭಾರವೇ? ಅವನ ಬಲೆಯೇ ಹಣದಿಂದ ಹೆಣೆದದ್ದು. ಜಾತ್ರೆಯಲ್ಲಿ ಬೆಂಡು ಬತ್ತಾಸು ಕೊಡಿಸಿ ಮಗುವಿನ ಕೈ ಹಿಡಿಯುವ ಅಪರಿಚಿತನ ಕತೆಯನ್ನು ನಮ್ಮ ಅಜ್ಜಿಯರು ಹೇಳುತ್ತಿರಲಿಲ್ಲವೇ? ಇಂದಿನ ಬತ್ತಾಸಿಗೆ ರೋಬಕ್ಸ್ ಎಂದು ಹೆಸರು, ಅಂದರೆ ಆ ಆಟದ ನಾಣ್ಯ. ಅದರ ಉಡುಗೊರೆ ಕಾರ್ಡುಗಳನ್ನು ಅಂಗಡಿಯಲ್ಲಿ ನಗದು ಕೊಟ್ಟೇ ಕೊಳ್ಳಬಹುದು. ಅಲ್ಲಿಗೆ ಅಪ್ಪನ ಸಹಿಯ ಮಾತೂ ಮುಗಿಯಿತು. ಹಣ ತೆತ್ತ ಮನೆಯ ಮಗುವಿಗೆ ಚಾಟ್ ತೆರೆದು, ತೆರದ ಮನೆಯ ಮಗುವನ್ನು ಮೂಕವಾಗಿಸಿದಾಗ, ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡವನು ಯಾರು? ಹುಟ್ಟುಹಬ್ಬಕ್ಕೆ ಸದಸ್ಯತ್ವ ಕೊಡಿಸಿದ ನಮ್ಮ ನಿಮ್ಮ ಮಗನೇ. ಆ ದಿನ ನಾವು ಕೊಂಡದ್ದು ಆಟವನ್ನೋ ಅಪರಿಚಿತರ ಪರಿಚಯವನ್ನೋ ಎಂಬುದನ್ನು ಯಾರೂ ನಮಗೆ ಬಿಡಿಸಿ ಹೇಳುವುದಿಲ್ಲ.

ಚಾಟನ್ನು ಪೂರ್ತಿಯಾಗಿ ಮುಚ್ಚಿದ ಉದಾಹರಣೆಯೂ ಇದೆ. ಹ್ಯಾಬೊ ಹೋಟೆಲ್ ಎಂಬ ತಾಣದಲ್ಲಿ ನಡೆಯುತ್ತಿದ್ದ ಅಶ್ಲೀಲ ಮಾತುಕತೆಯನ್ನು 2012ರ ಜೂನ್‌ನಲ್ಲಿ ಬ್ರಿಟನ್ನಿನ ಚಾನೆಲ್ 4 ಬಯಲಿಗೆಳೆದಾಗ, ಅದರ ಒಡೆಯರು ಎಲ್ಲರ ಬಾಯಿಯನ್ನೂ ಒಮ್ಮೆಗೇ ಕಟ್ಟಿಹಾಕಿದರು. ಕೆಲವು ದಿನಗಳು ಲಕ್ಷಾಂತರ ಗೊಂಬೆಗಳು ಮಾತಿಲ್ಲದೆ ಅಡ್ಡಾಡಿದವು.

ವಂಚನೆಯ ಕ್ರಮ ಬಹುಮಟ್ಟಿಗೆ ಒಂದೇ ತೆರನಾದದ್ದು. ಮೊದಲು ಆಟದಲ್ಲಿ ಸಹಾಯ, ಆಮೇಲೆ ಉಡುಗೊರೆ, ಆಮೇಲೆ “ಇಲ್ಲಿ ಮಾತು ಸರಿಹೋಗುವುದಿಲ್ಲ, ಡಿಸ್ಕಾರ್ಡಿಗೆ ಬಾ, ಸ್ನ್ಯಾಪ್‌ಚಾಟ್‌ಗೆ ಬಾ” ಎಂಬ ಕರೆ. ಆಮೇಲೆ ಗುಟ್ಟು, ಒಂದು ಚಿತ್ರ, ಕೊನೆಗೆ ಬೆದರಿಕೆ. ಆಟದ ಚಾಟ್ ಇದರಲ್ಲಿ ಹೊಸ್ತಿಲು ಮಾತ್ರ. ಅನಾಹುತ ನಡೆಯುವುದು ಒಳಮನೆಯಲ್ಲಿ. ಆದ್ದರಿಂದಲೇ ಹೊಸ್ತಿಲಿನ ಕಾವಲಿಗೆ ಬೆಲೆ.

ಇವು ದೂರದ ಕತೆಗಳಲ್ಲ. ಅಡಿಲೇಡಿನ ಬಂಧುಗಳಿಗೆ ಕಾರ್ಲಿ ರಯನ್ ಎಂಬ ಹದಿನೈದರ ಹುಡುಗಿಯ ಹೆಸರು ತಿಳಿದೇ ಇರುತ್ತದೆ. ಇಪ್ಪತ್ತರ ಸಂಗೀತಗಾರನೆಂದು ಅಂತರಜಾಲದಲ್ಲಿ ನಂಬಿಸಿದವನು ವಾಸ್ತವದಲ್ಲಿ ಐವತ್ತರ ಗಂಡಸು. 2007ರ ಫೆಬ್ರವರಿಯಲ್ಲಿ ಅಡಿಲೇಡಿನ ದಕ್ಷಿಣಕ್ಕಿರುವ ಪೋರ್ಟ್ ಎಲಿಯಟ್ ಕಡಲತೀರದಲ್ಲಿ ಆಕೆಯ ಕೊಲೆಯಾಯಿತು. ತಾಯಿ ಸೋನ್ಯಾ ರಯನ್ ವರ್ಷಗಟ್ಟಲೆ ಹೋರಾಡಿದ ಫಲವಾಗಿ 2017ರಲ್ಲಿ ‘ಕಾರ್ಲಿಯ ಕಾಯ್ದೆ’ ಬಂದಿತು. ಮಗುವಿಗೆ ಹಾನಿ ಮಾಡಲು ಆನ್‌ಲೈನ್‌ನಲ್ಲಿ ಸಿದ್ಧತೆ ನಡೆಸುವುದೇ ಈಗ ಅಪರಾಧ, ಭೇಟಿಯವರೆಗೆ ಪೊಲೀಸರು ಕಾಯಬೇಕಾಗಿಲ್ಲ. ನಮ್ಮ ಪರ್ತ್ ನಗರದ ಯುವಕನೊಬ್ಬ ಅಮೆರಿಕದ ಹದಿನೈದು ವರ್ಷದ ಅಂತರಜಾಲ ತಾರೆಯೆಂದು ಸೋಗುಹಾಕಿ, 20 ದೇಶಗಳ 286 ಮಂದಿಯನ್ನು ಬೆದರಿಸಿ ಪೀಡಿಸಿದ್ದಕ್ಕಾಗಿ 2024ರಲ್ಲಿ 17 ವರ್ಷಗಳ ಸೆರೆವಾಸಕ್ಕೆ ಗುರಿಯಾದ. ಇಂಗ್ಲೆಂಡಿನ ಹದಿನಾಲ್ಕರ ಬ್ರೆಕ್ ಬೆಡ್ನಾರ್‌ನನ್ನು 2014ರಲ್ಲಿ ಕೊಂದವನಂತೂ ಆಟದ ಗೆಳೆಯರ ಬಳಗದವನೇ, ವಯಸ್ಸು ಕೇವಲ 18. ಅಪಾಯವೆಂದರೆ ನರೆಗೂದಲಿನ ಮುದುಕನೆಂದೇ ಮಕ್ಕಳಿಗೆ ಕಲಿಸಿದರೆ ಸಾಲದು.

ಇನ್ನು ಈ ದೇಶದ ಕಾನೂನು. 2024ರ ನವೆಂಬರ್‌ನಲ್ಲಿ ಅಂಗೀಕಾರವಾಗಿ 2025ರ ಡಿಸೆಂಬರ್ 10ರಂದು ಜಾರಿಗೆ ಬಂದ ಕಾಯ್ದೆಯಂತೆ ಹದಿನಾರು ತುಂಬದವರು ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್ ಮೊದಲಾದ ತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ನಮ್ಮಲ್ಲಿ ಅನೇಕರು ಇದನ್ನು ಕೇಳಿ ನಿಟ್ಟುಸಿರುಬಿಟ್ಟರು. ಆದರೆ ಆನ್‌ಲೈನ್ ಆಟಗಳನ್ನು ಅದರಿಂದ ಹೊರಗಿಟ್ಟಿದ್ದಾರೆಂಬುದನ್ನು ಗಮನಿಸಿದವರು ಕಡಿಮೆ. ಆಟಗಳ ವಿಷಯದಲ್ಲಿ ಇ-ಸೇಫ್ಟಿ ಆಯುಕ್ತರು ಬೇರೆ ದಾರಿ ಹಿಡಿದರು. ಅವರ ಒತ್ತಾಯಕ್ಕೆ ಮಣಿದು ರೋಬ್ಲಾಕ್ಸ್ 2025ರ ಸೆಪ್ಟೆಂಬರ್‌ನಲ್ಲಿ ಕೆಲವು ವಚನಗಳನ್ನು ಕೊಟ್ಟಿತು; ಡಿಸೆಂಬರ್ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಮುಖ ನೋಡಿ ವಯಸ್ಸು ಅಂದಾಜಿಸುವ ಅಥವಾ ಗುರುತಿನ ಚೀಟಿ ಕೇಳುವ ಪದ್ಧತಿ ಬಂದಿತು. ಪರೀಕ್ಷೆ ಆಗದೆ ಚಾಟ್ ಇಲ್ಲ. ಆದಮೇಲೂ ಹತ್ತಿರದ ವಯಸ್ಸಿನವರೊಡನೆ ಮಾತ್ರ. ಇಲ್ಲಿ ಅಳತೆಗೋಲು ಹಣದಿಂದ ವಯಸ್ಸಿಗೆ ಬದಲಾಯಿತು. ಯಂತ್ರದ ಅಂದಾಜು ತಪ್ಪಬಹುದು, ಮಗುವಿನ ಮುಖವನ್ನು ಯಂತ್ರಕ್ಕೆ ತೋರಿಸುವುದೂ ನನಗೆ ಅಷ್ಟು ಹಿಡಿಸದ ಸಂಗತಿ. ಆದರೂ ಜೇಬು ತಡವಿ ನೋಡುವುದಕ್ಕಿಂತ ಇದು ಮೇಲು.

ಪರ್ತ್‌ನಲ್ಲಿ ಮನೆ ಕೊಂಡವರಿಗೆ ಈಜುಕೊಳದ ಬೇಲಿಯ ವಿಷಯ ಗೊತ್ತು. ಕೊಳ ಇರಿಸಿಕೊಂಡ ಮೇಲೆ ಬೇಲಿ ಇರಲೇಬೇಕು, ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳಬೇಕು, ನಾಲ್ಕು ವರ್ಷಕ್ಕೊಮ್ಮೆಯಾದರೂ ಕೌನ್ಸಿಲ್ಲಿನವರು ಬಂದು ಪರೀಕ್ಷಿಸುತ್ತಾರೆ. ನೀವು ಶ್ರೀಮಂತರೇ, ತೆರಿಗೆ ಕಟ್ಟಿದ್ದೀರಾ ಎಂದು ನೋಡಿ ಬೇಲಿಯಿಂದ ವಿನಾಯಿತಿ ಕೊಡುವುದಿಲ್ಲ. ಮಕ್ಕಳ ಚಾಟೂ ಹಾಗೆಯೇ ಇರಬೇಕೆಂಬುದು ನನ್ನ ವಾದ. ಹಣ ಕೊಡಲಿ ಬಿಡಲಿ, ಎಲ್ಲ ಮಕ್ಕಳಿಗೂ ಮೊದಲಿಗೆ ಮುಚ್ಚಿರಬೇಕು. ತೆರೆಯುವ ಚಿಲಕ ದೊಡ್ಡವರ ಕೈಗೆಟಕುವ ಎತ್ತರದಲ್ಲಿರಬೇಕು.

ಇದಕ್ಕೆ ನಮ್ಮವರು ಎತ್ತುವ ಒಂದು ಆಕ್ಷೇಪಣೆ ತೂಕವಾದದ್ದು. “ನಮ್ಮ ಹುಡುಗ ಮೈಸೂರಿನ ಚಿಕ್ಕಪ್ಪನ ಮಕ್ಕಳೊಡನೆ ಆಡುವುದೇ ಅಲ್ಲಿ. ಚಾಟ್ ಮುಚ್ಚಿದರೆ ಆ ಸಂಬಂಧವೂ ಹೋಯಿತು, ನಾಲ್ಕು ಅಕ್ಷರ ಕನ್ನಡವೂ ಹೋಯಿತು.” ನಿಜ. ಇಲ್ಲಿ ರಾತ್ರಿ ಎಂಟಾದಾಗ ಮೈಸೂರಿನಲ್ಲಿ ಸಂಜೆ ಐದೂವರೆ, ಶಾಲೆ ಬಿಟ್ಟ ಹೊತ್ತು. ನಾಲ್ಕೂವರೆ ಗಂಟೆ ಮುಂದಿರುವ ಬ್ರಿಸ್ಬೇನಿನವರಿಗೆ ಇಷ್ಟು ಅನುಕೂಲವಿಲ್ಲ. ಸಿದ್ಧವಾಕ್ಯಗಳ ಪಟ್ಟಿಯಲ್ಲಿ “ಲೋ, ಬಾರೋ ಇಲ್ಲಿ” ಎಂಬುದನ್ನು ಯಾವ ಕಂಪನಿ ಇಟ್ಟೀತು? ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಅರ್ಥಮಾಡಿಕೊಳ್ಳದ ಶೋಧಕಗಳು ಮುಗ್ಧ ಮಾತನ್ನು ಅಳಿಸಿ, ಕೆಟ್ಟ ಮಾತನ್ನು ಹಾಗೆಯೇ ಬಿಡಲೂಬಹುದು. ಇದಕ್ಕೆ ನಾನು ಕಂಡ ಕೆಲವು ಮನೆಗಳು ಸುಲಭವಾದ ಉಪಾಯ ಮಾಡಿಕೊಂಡಿವೆ. ಆಟದ ಚಾಟ್ ಮುಚ್ಚಿಯೇ ಇರುತ್ತದೆ. ನಡುಮನೆಯ ಮೇಜಿನ ಮೇಲೆ ಅಮ್ಮನ ಫೋನು, ಅದರಲ್ಲಿ ಮೈಸೂರಿಗೆ ವಾಟ್ಸಾಪ್ ಕರೆ, ಸ್ಪೀಕರ್ ಹಾಕಿದೆ. ಆಟ ಪರದೆಯ ಮೇಲೆ, ಮಾತು ಫೋನಿನಲ್ಲಿ, ಆಗಾಗ ಹಿಂದಿನಿಂದ ದೊಡ್ಡಮ್ಮ “ಊಟ ಆಯ್ತೇನೋ?” ಎಂದು ಕೂಗುವುದೂ ಕೇಳುತ್ತದೆ. ಟೈಪಿಸುವ ಕನ್ನಡಕ್ಕಿಂತ ಆಡುವ ಕನ್ನಡ ಒಳ್ಳೆಯದಲ್ಲವೇ?

ವೈದ್ಯನಾಗಿ ಹೇಳಲೇಬೇಕಾದ ಮಾತು ಇನ್ನೊಂದಿದೆ. ಇಂಥ ಜಾಲದಲ್ಲಿ ಸಿಕ್ಕಿದ ಮಗು “ಹೀಗಾಯಿತು” ಎಂದು ಹೇಳಿಕೊಂಡು ಬರುವುದಿಲ್ಲ. ಹೊಟ್ಟೆನೋವೆಂದು ಬರುತ್ತದೆ, ತಲೆನೋವೆಂದು ಬರುತ್ತದೆ, ನಿದ್ದೆಯಿಲ್ಲ, ಶಾಲೆ ಬೇಡ ಎನ್ನುತ್ತದೆ. ಪರೀಕ್ಷೆಗಳಲ್ಲಿ ಏನೂ ಕಾಣುವುದಿಲ್ಲ. ಮಗುವಿನ ಬಾಯಿ ಕಟ್ಟಿರುವುದು ಎರಡು ಭಯಗಳು: ಫೋನ್ ಕಿತ್ತುಕೊಳ್ಳುತ್ತಾರೆ, ಅಪ್ಪನ ಮರ್ಯಾದೆ ಹೋಗುತ್ತದೆ. ಎರಡನೆಯದನ್ನು ಕಲಿಸಿದವರು ನಾವೇ. ಹದಿಮೂರರ ಹುಡುಗನೊಬ್ಬನ ತಂದೆ, ವಿಷಯ ಹೊರಬಿದ್ದ ಮೇಲೆ, ಮಗನ ಮುಖ ನೋಡುವ ಮುಂಚೆ ನನ್ನ ಕಡೆ ತಿರುಗಿ “ಇದನ್ನು ಫೈಲಿನಲ್ಲಿ ಬರೆಯಬೇಡಿ, ನಮ್ಮ ಜನಕ್ಕೆ ಗೊತ್ತಾಗಬಾರದು” ಎಂದರು. ಆ ಕ್ಷಣ ಹುಡುಗ ಇನ್ನಷ್ಟು ಕುಗ್ಗಿದ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2009ರ ಜನವರಿ 1ರಿಂದ ಮಕ್ಕಳ ಲೈಂಗಿಕ ಶೋಷಣೆಯ ಶಂಕೆ ಬಂದರೆ ವೈದ್ಯ ವರದಿ ಮಾಡಲೇಬೇಕೆಂಬ ಕಾನೂನಿದೆ. ಅದನ್ನು ಅವರಿಗೆ ತಿಳಿಸಿದೆ. ಕಾನೂನು ಇಲ್ಲದಿದ್ದರೂ ಬರೆಯುತ್ತಿದ್ದೆ. ಬರೆದರೆ ಮಗುವಿಗೆ ನೆರವು ಸಿಗುತ್ತದೆ. ಮುಚ್ಚಿಟ್ಟರೆ ಬೆದರಿಸುವವನಿಗೆ ಕಾಲಾವಕಾಶ ಸಿಗುತ್ತದೆ.

ಬೆದರಿಕೆ ಬಂದಿದೆಯೆಂದು ತಿಳಿದ ದಿನ ಮಾಡಬೇಕಾದದ್ದಿಷ್ಟು. ಮಗುವನ್ನು ಗದರಬೇಡಿ. ಹಣ ಕೊಡಬೇಡಿ, ಉತ್ತರಿಸಬೇಡಿ. ಸಿಟ್ಟಿನಲ್ಲಿ ಖಾತೆಯನ್ನು ಅಳಿಸಬೇಡಿ, ಪುರಾವೆ ಅದರಲ್ಲಿದೆ. ಮಗುವಿನ ಚಿತ್ರವನ್ನಂತೂ ಯಾರಿಗೂ, ನನಗೂ ಕೂಡ, ಕಳುಹಿಸಬೇಡಿ. ಫೆಡರಲ್ ಪೊಲೀಸರ ಮಕ್ಕಳ ರಕ್ಷಣಾ ಕೇಂದ್ರ ಬ್ರಿಸ್ಬೇನಿನಲ್ಲಿದೆ, 2018ರಲ್ಲಿ ತೆರೆದದ್ದು. ದೂರನ್ನು ಮನೆಯಿಂದಲೇ ಅದಕ್ಕೆ ಸಲ್ಲಿಸಬಹುದು. ಮಗು ತಾನೇ ಮಾತನಾಡಬಯಸಿದರೆ ಕಿಡ್ಸ್ ಹೆಲ್ಪ್‌ಲೈನ್ 1800 55 1800. ಊರಿನ ಬಂಧುಗಳ ಮಕ್ಕಳಿಗಾದರೆ 1098, ಸೈಬರ್ ದೂರಿಗೆ 1930. ಆಟದ ಗೀಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ‘ಶಟ್’ ಕ್ಲಿನಿಕ್ ಎಂಬ ಪ್ರತ್ಯೇಕ ವಿಭಾಗವೇ ಇದೆ.

ಊಟದ ನಂತರ ಹಿಂದಿನ ಕೋಣೆಯಲ್ಲಿ ಸಂಘದ ನಾಲ್ವರು ಯುವಕ ಯುವತಿಯರು ಕುಳಿತಿರುತ್ತಾರೆ. ಮಕ್ಕಳ ಫೋನು, ಐಪ್ಯಾಡುಗಳನ್ನು ತಂದವರು, ಮಕ್ಕಳನ್ನೂ ಜೊತೆಗೇ ಕೂರಿಸಿಕೊಂಡು, ಚಾಟ್ ಎಲ್ಲಿದೆ, ಹೇಗೆ ಮುಚ್ಚುವುದು ಎಂಬುದನ್ನು ಅವರಿಂದ ತಿಳಿದುಕೊಳ್ಳಬಹುದು. ಸಭೆಯಲ್ಲಿ ಕೇಳಲಾಗದ ಪ್ರಶ್ನೆಯಿದ್ದವರಿಗಾಗಿ ನಾನು ಹೊರಗೆ ಬೇವಿನ ಮರದ ಕೆಳಗಿನ ಬೆಂಚಿನ ಮೇಲಿರುತ್ತೇನೆ.