ಒಂದೇ ದಸ್ತರಖಾನದ ಸುತ್ತ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಶಿಕ್ಷಣದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದೀರಿ. ನಾನು ಊಟದ ಬಗ್ಗೆ ಹೇಳಬೇಕೆಂದಿದ್ದೇನೆ. ಎರಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನನ್ನ ಮನೆಯಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ.

ಆಗ ನಾನು ಸಿರುಗುಪ್ಪದಲ್ಲಿ ಶಿಕ್ಷಕ. ಮನೆ ಬಳ್ಳಾರಿಯಲ್ಲಿ. ಮಕ್ಕಳು ಏಳುವ ಮೊದಲೇ ಬಸ್ಸು ಹಿಡಿಯುತ್ತಿದ್ದೆ. ಹತ್ತನೇ ತರಗತಿಯವರಿಗೆ ವಿಶೇಷ ಪಾಠ ಮುಗಿಸಿ ಮನೆ ಸೇರುವಾಗ ಅವರು ಉಂಡು ಮಲಗಿರುತ್ತಿದ್ದರು. ನನ್ನ ತಾಟು ಮುಚ್ಚಿಟ್ಟಿರುತ್ತಿತ್ತು. ಮಡದಿ ಜೀನ್ಸ್ ಹೊಲಿಗೆಯ ಕೆಲಸ ಮನೆಗೆ ತಂದುಕೊಂಡು, ಎಲ್ಲರಿಗೂ ಬಡಿಸಿ, ಕೊನೆಗೆ ಒಬ್ಬಳೇ ಉಣ್ಣುತ್ತಿದ್ದಳು. ಏಳನೇ ತರಗತಿಯ ಮಗಳ ಅಂಕಗಳು ಇಳಿಯುತ್ತಾ ಬಂದವು. ಪ್ರಗತಿ ಪತ್ರಕ್ಕೆ ಸಹಿ ಹಾಕುವಾಗ "ಮನಸ್ಸಿಟ್ಟು ಓದು" ಎಂದು ಗದರಿದೆ. ಅಷ್ಟಕ್ಕೇ ನನ್ನ ಜವಾಬ್ದಾರಿ ಮುಗಿಯಿತು ಎಂದುಕೊಂಡೆ.

2006ರ ರಂಜಾನ್ ತಿಂಗಳು. ಇಫ್ತಾರ್ ಹೊತ್ತಿಗೆ ಮನೆ ತಲುಪುತ್ತಿದ್ದೆ. ಒಂದು ಸಂಜೆ ಎಲ್ಲರೂ ದಸ್ತರಖಾನದ ಸುತ್ತ ಕುಳಿತಿದ್ದೆವು. "ಇನ್ನೆಷ್ಟು ನಿಮಿಷ ಇದೆ ನೋಡಮ್ಮ" ಎಂದೆ. ಗಡಿಯಾರ ಎದುರು ಗೋಡೆಯಲ್ಲೇ ಇತ್ತು. ಮಗಳು ಎದ್ದು, ಗೋಡೆಯ ಹತ್ತಿರ ಹೋಗಿ, ಕತ್ತೆತ್ತಿ ನೋಡಿ ಬಂದಳು.

"ಇಲ್ಲಿಂದ ಕಾಣುವುದಿಲ್ಲವೇ?"

"ಇಲ್ಲ ಅಬ್ಬಾ. ಕ್ಲಾಸಿನಲ್ಲಿ ಬೋರ್ಡೂ ಕಾಣುವುದಿಲ್ಲ. ಪಕ್ಕದವಳ ನೋಟ್ಸ್ ನೋಡಿ ಬರೆದುಕೊಳ್ಳುತ್ತೇನೆ."

ಎಷ್ಟು ದಿನದಿಂದ ಎಂದು ಕೇಳಿದೆ. ಹೋದ ವರ್ಷದಿಂದ ಎಂದಳು. ಏಕೆ ಹೇಳಲಿಲ್ಲ ಎಂದರೆ, "ಯಾವಾಗ ಹೇಳಲಿ ಅಬ್ಬಾ?" ಎಂದಳು. ಊರಿನ ಮಕ್ಕಳಿಗೆಲ್ಲ ಪಾಠ ಹೇಳುವ ನನಗೆ ನನ್ನ ಮಗಳ ಕಣ್ಣಿನ ತೊಂದರೆ ತಿಳಿದಿರಲಿಲ್ಲ. ಕನ್ನಡಕ ಬಂತು, ಅಂಕವೂ ಬಂತು. ಆ ಒಂದು ವರ್ಷ ಮಾತ್ರ ತಿರುಗಿ ಬರಲಿಲ್ಲ.

ಬಂಧುಗಳೇ, ಇದು ನನ್ನೊಬ್ಬನ ಮನೆಯ ಕಥೆಯಲ್ಲ. ನಮ್ಮ ನಗರದ ಜೀನ್ಸ್ ಹೊಲಿಗೆಯಲ್ಲಿ ಪೀಸಿನ ಲೆಕ್ಕದಲ್ಲಿ ಕೂಲಿ. ಒಂದು ಗಂಟೆ ಎದ್ದರೆ ಅಷ್ಟು ಕೂಲಿ ಕಡಿಮೆ. ಆಟೋ ಓಡಿಸುವವರು, ಅಂಗಡಿ ಇಟ್ಟವರು ಮನೆ ಸೇರುವುದು ಮಧ್ಯರಾತ್ರಿಗೆ. ಈಗಂತೂ ಮಕ್ಕಳ ಒಂದು ಕೈಯಲ್ಲಿ ತಾಟು, ಇನ್ನೊಂದು ಕೈಯಲ್ಲಿ ಮೊಬೈಲು. ಬೇರೆ ಬೇರೆಯಾಗಿ ಉಣ್ಣುವುದು ತಪ್ಪು ಎಂದು ನಾನು ಹೇಳುವುದಿಲ್ಲ. ಒಟ್ಟಿಗಾದರೂ ಸರಿ, ಬೇರೆಯಾಗಿಯಾದರೂ ಸರಿ, ದೋಷವಿಲ್ಲ ಎಂದು ಕುರ್‌ಆನಿನ ಸೂರಾ ನೂರ್ ಅನುಮತಿ ಕೊಟ್ಟಿದೆ. ಆದರೆ ಒಟ್ಟಿಗೆ ಉಣ್ಣುವುದರಲ್ಲಿ ಬರಕತ್ ಇದೆ ಎಂದು ಪ್ರವಾದಿಯವರು ಕಲಿಸಿದ್ದಾರೆ.

ಬಿಡುವಿಲ್ಲ ಎನ್ನುವವರು ಸಿರುಗುಪ್ಪದ ಭತ್ತದ ಗದ್ದೆಗಳನ್ನು ನೋಡಿ. ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸುವ ಹೊಲಗಳನ್ನು ನೋಡಿ. ಅಲ್ಲಿನವರಿಗಿಂತ ನಮಗೆ ಹೆಚ್ಚು ಕೆಲಸವೇ? ಮಧ್ಯಾಹ್ನ ಬೇವಿನ ಮರದಡಿ ಬುತ್ತಿ ಬಿಚ್ಚಿ, ರೊಟ್ಟಿ ಚಟ್ನಿ ಹಂಚಿಕೊಂಡು ಕೂತೇ ಉಣ್ಣುತ್ತಾರೆ. ಸಾಲದ ಮಾತು, ಮದುವೆಯ ಮಾತು, ಮಕ್ಕಳ ಶಾಲೆಯ ಮಾತು ಎಲ್ಲವೂ ಅಲ್ಲೇ ಆಗುತ್ತದೆ. 2020ರ ಲಾಕ್‌ಡೌನ್ ರಂಜಾನಿನಲ್ಲಿ ನಾವೂ ತಿಂಗಳಿಡೀ ಮನೆಯವರೊಂದಿಗೇ ಇಫ್ತಾರ್ ಮಾಡಿದೆವು. ಸಂಪಾದನೆ ನಿಂತ ಆ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಮಾತು ಶುರುವಾಯಿತು. ಅದನ್ನೇಕೆ ಮರೆತೆವು?

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ದಿನಕ್ಕೆ ಒಂದು ಹೊತ್ತು ಒಟ್ಟಿಗೆ ಉಣ್ಣಿ. ರಾತ್ರಿ ಆಗದಿದ್ದರೆ ಬೆಳಗಿನ ನಾಷ್ಟಾ ಆಗಲಿ, ಅದೂ ಆಗದಿದ್ದರೆ ಶುಕ್ರವಾರದ ಖುಷ್ಕಾ ದಾಲ್ಚಾ ಆಗಲಿ. ಮನೆಯ ಹೆಣ್ಣುಮಕ್ಕಳು ಬಡಿಸಿ ಕೊನೆಗೆ ಉಣ್ಣುವುದು ಬೇಡ. ಪಾತ್ರೆಗಳನ್ನೆಲ್ಲ ನಡುವೆ ಇಟ್ಟುಕೊಂಡರೆ ಅವರೂ ಜೊತೆಗೇ ಕೂರಬಹುದು. ಊಟದ ಹೊತ್ತಿನಲ್ಲಿ ಅಂಕಗಳ ವಿಚಾರಣೆ ಮಾಡಬೇಡಿ. ಗದರಿದರೆ ಮಗು ಬೇಗ ಉಂಡು ಎದ್ದುಹೋಗುತ್ತದೆ. ಪ್ರವಾದಿಯವರ ಆಶ್ರಯದಲ್ಲಿ ಬೆಳೆದ ಉಮರ್ ಬಿನ್ ಅಬೀ ಸಲಮಾ ಎಂಬ ಬಾಲಕನ ಕೈ ತಟ್ಟೆಯ ತುಂಬ ಓಡಾಡುತ್ತಿತ್ತು. ಅಲ್ಲಾಹನ ಹೆಸರು ಹೇಳು, ಬಲಗೈಯಲ್ಲಿ ಉಣ್ಣು, ನಿನ್ನ ಮುಂದಿನದನ್ನು ಉಣ್ಣು ಎಂದು ಪ್ರವಾದಿಯವರು ಮೆಲ್ಲನೆ ತಿಳಿಸಿದರು. ದೊಡ್ಡವನಾದ ಮೇಲೂ ಅವರು ಅದನ್ನು ಮರೆಯಲಿಲ್ಲ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಹಾಸ್ಟೆಲಿನಲ್ಲಿರುವವರು ಊಟದ ಹೊತ್ತಿಗೆ ಮನೆಗೊಂದು ಫೋನು ಮಾಡಿ, ಏನು ಅಡುಗೆ ಎಂದು ಕೇಳಿ. ಮನೆಯಲ್ಲಿರುವವರು ಮೊಬೈಲು ಬದಿಗಿಟ್ಟು ಕುಳಿತು, ಕಷ್ಟವಿದ್ದರೆ ಹೇಳಿ. ನನ್ನ ಮಗಳಂತೆ ಒಂದು ವರ್ಷ ಕಾಯಬೇಡಿ.

ಇಂದು ರಾತ್ರಿಯಿಂದಲೇ ಶುರುಮಾಡೋಣ.