ಮರಗೆಣಸು, ಕಡಲೆಕಾಯಿ ಮತ್ತು ಮೈಸೂರು ಹಿಟ್ಟು

ಮರಗೆಣಸಿನ ಹಿಟ್ಟಿನಲ್ಲಿ ಪಿಷ್ಟವೇ ಪಿಷ್ಟ; ಪ್ರೋಟೀನು ನೂರಕ್ಕೆ ಒಂದೆರಡು ಪಾಲು ಸಿಕ್ಕರೆ ಹೆಚ್ಚು. ಎಣ್ಣೆ ತೆಗೆದ ಕಡಲೆಕಾಯಿ ಹಿಂಡಿಯನ್ನು ಪುಡಿಮಾಡಿದರೆ ಅದರಲ್ಲಿ ಅರ್ಧದಷ್ಟು ಪ್ರೋಟೀನೇ. ಒಂದರ ಕೊರತೆಯನ್ನು ಇನ್ನೊಂದು ತುಂಬುವ ಇಂಥ ಗೆಡ್ಡೆ–ಕಾಳುಗಳ ಮಿಶ್ರ ಹಿಟ್ಟಿನ ಚರಿತ್ರೆಯಲ್ಲಿ ಅತ್ಯಂತ ಸೊಗಸಾದ ಅಧ್ಯಾಯ ನಡೆದದ್ದು ಮೈಸೂರಿನಲ್ಲಿ.

ಎರಡೂ ಬೆಳೆಗಳ ತವರು ದಕ್ಷಿಣ ಅಮೆರಿಕ. ಮರಗೆಣಸು ಪೋರ್ಚುಗೀಸರ ಹಡಗೇರಿ ಆಫ್ರಿಕಕ್ಕೆ ಹೋಯಿತು, ಮಲಬಾರಿಗೂ ಬಂತು. 1880ರಿಂದ 1885ರವರೆಗೆ ತಿರುವಾಂಕೂರನ್ನು ಆಳಿದ ವಿಶಾಖಂ ತಿರುನಾಳ್ ರಾಮವರ್ಮ ಮಹಾರಾಜರು ಸಸ್ಯಶಾಸ್ತ್ರದಲ್ಲಿ ಆಸಕ್ತರು. ಈ ಗೆಡ್ಡೆಯನ್ನು ಬೆಳೆಯುವಂತೆ ಪ್ರಜೆಗಳನ್ನು ಹುರಿದುಂಬಿಸಿದವರು ಅವರೇ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿನ ಅಕ್ಕಿ ಬರುವುದು ನಿಂತಾಗ ತಿರುವಾಂಕೂರಿನ ಬಡವರನ್ನು ಕಾಪಾಡಿದ್ದು ಮರಗೆಣಸು. ಹೊಟ್ಟೆಯೇನೋ ತುಂಬಿತು, ಮೈಗೆ ಹತ್ತಲಿಲ್ಲ.

ಈ ಕೊರತೆಗೆ ಉತ್ತರ ಹುಡುಕಿದವರು ವಿ. ಸುಬ್ರಹ್ಮಣ್ಯನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗವನ್ನು ನಡೆಸಿದ್ದ ಅವರು, 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕರಾದರು. ರಾಜಕುಮಾರಿಗಾಗಿ ಕಟ್ಟಿದ ಆ ಭವ್ಯ ಸೌಧದಲ್ಲಿ ಬಡವರ ಊಟದ ಲೆಕ್ಕ ನಡೆಯಿತು. ಮರಗೆಣಸಿನ ಹಿಟ್ಟು ಮುಕ್ಕಾಲು ಪಾಲು, ಕಡಲೆಕಾಯಿ ಹಿಟ್ಟು ಕಾಲು ಪಾಲು: ಪ್ರೋಟೀನು ಗೋಧಿಹಿಟ್ಟಿಗೆ ಹೆಚ್ಚುಕಡಿಮೆ ಸಮ! ಇದೇ ‘ಮೈಸೂರು ಹಿಟ್ಟು’. ಇದೇ ಸಾಮಗ್ರಿಗಳಿಗೆ ಗೋಧಿ ರವೆ ಸೇರಿಸಿ ಅಕ್ಕಿಕಾಳಿನ ಆಕಾರವನ್ನೂ ಕೊಟ್ಟರು. ಅಲ್ಲೇ ಎಡವಟ್ಟಾಯಿತೇನೋ. ಅಕ್ಕಿ ಉಣ್ಣುವವರ ಎಲೆಗೆ ಅಕ್ಕಿಯ ವೇಷ ತೊಟ್ಟದ್ದನ್ನು ಬಡಿಸಿದರೆ ಒಪ್ಪುವುದು ಕಷ್ಟ.

ಅಕ್ಕಿಯ ವೇಷಕ್ಕಿಂತ ಮಿಶ್ರ ಹಿಟ್ಟಿಗೆ ಹೇಳಿಮಾಡಿಸಿದ ಜಾಗ ಬಿಸ್ಕತ್ತು. ಬ್ರೆಡ್ಡು ಉಬ್ಬುವುದು ಗೋಧಿಯ ಗ್ಲುಟೆನ್ ಜಿಗಿಯಿಂದ. ಯೀಸ್ಟು ಬಿಡುವ ಗಾಳಿಯನ್ನು ಹಿಡಿದಿಡುವುದು ಅದು. ಗೆಡ್ಡೆಯಲ್ಲೂ ಕಾಳಿನಲ್ಲೂ ಆ ಜಿಗಿಯಿಲ್ಲ, ಬೆರಕೆ ಹೆಚ್ಚಾದಷ್ಟೂ ಬ್ರೆಡ್ಡು ಕುಗ್ಗುತ್ತದೆ. ಬಿಸ್ಕತ್ತಿಗೆ ಅಷ್ಟು ಉಬ್ಬುವ ಹಂಗಿಲ್ಲ. ಕೊಬ್ಬು, ಸಕ್ಕರೆ ಅದನ್ನು ಹಿಡಿದು ನಿಲ್ಲಿಸುತ್ತವೆ. ಮರಗೆಣಸಿನ ಪಿಷ್ಟ ಗರಿಗರಿ ಮಾಡುತ್ತದೆ. ಕಾಳಿನ ಪ್ರೋಟೀನು ಒಲೆಯ ಕಾವಿನಲ್ಲಿ ಸಕ್ಕರೆಯೊಡನೆ ಕೂಡಿ ಹೊಂಬಣ್ಣವನ್ನೂ ಘಮವನ್ನೂ ಕೊಡುತ್ತದೆ. ಗೋಧಿಗೆ ಕಡಿಮೆಯಿರುವ ಲೈಸಿನ್ ಕಾಳಿನಿಂದ ಸಿಗುವುದು ಇನ್ನೊಂದು ಲಾಭ. ಮರಗೆಣಸಿನ ಸಯನೈಡ್ ಅಂಶವನ್ನು ಮಾತ್ರ ಸಿಪ್ಪೆ ತೆಗೆದು, ಹೆಚ್ಚಿ, ನೆನೆಸಿ, ಒಣಗಿಸಿ ಮೊದಲೇ ಕಳೆಯಬೇಕು.

ಕಡಲೆಕಾಯಿಗೆ ಪೆಟ್ಟು ಬಿದ್ದದ್ದು 1960ರಲ್ಲಿ. ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಅವುಗಳ ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿಯ ಬೂಷ್ಟಿನ ವಿಷ, ಅಫ್ಲಟಾಕ್ಸಿನ್, ಸಿಕ್ಕಿಬಿತ್ತು. ಚೆನ್ನಾಗಿ ಒಣಗಿಸಿ ಕೆಟ್ಟ ಬೀಜ ಆರಿಸಿದರೆ ಅಪಾಯ ಬಹುಪಾಲು ತಪ್ಪುತ್ತದೆ. ಆದರೂ ಹಿಂಡಿಯ ಹಿಟ್ಟಿನ ಮೇಲಿನ ನಂಬಿಕೆ ಕುಸಿಯಿತು. ಅಷ್ಟರಲ್ಲಿ ಹಸಿರು ಕ್ರಾಂತಿ ಗೋಧಿಯ ರಾಶಿ ಹಾಕಿತು. ಬರದ ಕಾಲದ ಆಹಾರವೆಂಬ ಹಣೆಪಟ್ಟಿ ಅಂಟಿಕೊಂಡಿದ್ದ ಮೈಸೂರು ಹಿಟ್ಟನ್ನು ಜನ ಮರೆತೇಬಿಟ್ಟರು. ಅದರ ರುಚಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ದೇಶದ ಹೊರಗೆ ಮಾತ್ರ ಮಿಶ್ರ ಹಿಟ್ಟಿನ ವಿಚಾರ ಬೆಳೆಯಿತು. 1964ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ, ಗೋಧಿ ಬೆಳೆಯದ ದೇಶಗಳಿಗಾಗಿ ಮಿಶ್ರ ಹಿಟ್ಟಿನ ಕಾರ್ಯಕ್ರಮ ಆರಂಭಿಸಿತು. ಗೋಧಿಯ ಆಮದಿಗೆ ಹಣ ಸುರಿಯುತ್ತಿದ್ದ ನೈಜೀರಿಯದಲ್ಲಿ ಸರ್ಕಾರವೇ ಗಿರಣಿಗಳಿಗೆ ಮರಗೆಣಸಿನ ಹಿಟ್ಟು ಬೆರೆಸಲು ಹೇಳಿತು. ಅಲ್ಲಿನ ಪ್ರಯೋಗಾಲಯಗಳಲ್ಲಿ ಮರಗೆಣಸಿಗೆ ಸೋಯಾ ಜೊತೆಯಾಗಿ ಬಿಸ್ಕತ್ತುಗಳು ತಯಾರಾಗಿವೆ. ಗೋಧಿ ಒಗ್ಗದ ಸೀಲಿಯಾಕ್ ರೋಗಿಗಳಿಗಾಗಿ ಗ್ಲುಟೆನ್ ಇಲ್ಲದ ಹಿಟ್ಟು ಹುಡುಕುವ ಬೇಕರಿಗಳೂ ಈಗ ಇದೇ ಗೆಡ್ಡೆ, ಇದೇ ಕಾಳುಗಳತ್ತ ತಿರುಗಿವೆ.